ನಗುತ್ತಾ ಮನೆಗೆ ಬರುವ ಮಗಳು

ಪತ್ರ: “ಮಗಳಿಗೆ 17 ವರ್ಷ, ಉದ್ದ ಜಿಗಿತ ಅವಳ ಸ್ಪರ್ಧೆ. ಹೊಸ ಕೋಚ್ ವಾರಕ್ಕೆ ಎರಡೇ ದಿನ ಭಾರ ಎತ್ತಿಸುತ್ತಾರೆ. ಐದು ಸಲ ಎತ್ತಿದರೆ ಮೂರು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಹಿಂದಿನ ಕೋಚ್ ಬಳಿ ಹೋಗುತ್ತಿದ್ದಾಗ ಮೆಟ್ಟಿಲು ಹತ್ತಲಾರದಷ್ಟು ದಣಿದು ಬರುತ್ತಿದ್ದಳು. ಈಗ ನಗುತ್ತಾ ಬರುತ್ತಾಳೆ. ಇದನ್ನು ತರಬೇತಿ ಎನ್ನಬಹುದೇ?”

ಸಂಪಾದಕರ ಉತ್ತರ:

ಎನ್ನಬಹುದು. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಆ ಮೂರು ನಿಮಿಷ.

ದಣಿವಿಗೂ ಅದರದೇ ಜಾಗವಿದೆ, ಒಪ್ಪುತ್ತೇನೆ. ದೂರದ ಓಟಗಾರರು ದಣಿದ ಕಾಲಲ್ಲೇ ಓಡಲು ಕಲಿಯಬೇಕು. ಆದರೆ ನಿಮ್ಮ ಮಗಳ ಕೆಲಸ ಬೇರೆ. ಜಿಗಿಯಲು ಮೆಟ್ಟುವ ಹಲಗೆಯ ಮೇಲೆ ಅವಳ ಪಾದ ನಿಲ್ಲುವುದು ಸುಮಾರು 0.12 ಸೆಕೆಂಡ್. ಸ್ನಾಯು ತನ್ನ ಪೂರ್ತಿ ಬಲ ಹೊರಹಾಕಲು ಅದರ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಹಾಗಾಗಿ ಎಷ್ಟು ಬಲವಿದೆ ಎನ್ನುವುದರ ಜೊತೆಗೆ ಅದು ಎಷ್ಟು ಬೇಗ ಕೈಗೆ ಬರುತ್ತದೆ ಎನ್ನುವುದನ್ನೂ ಅವಳು ಬೆಳೆಸಿಕೊಳ್ಳಬೇಕು. ಆ ಚುರುಕು ದಣಿದ ದೇಹದಲ್ಲಿ ಬೆಳೆಯುವುದಿಲ್ಲ. ಸ್ಫೋಟಕ ಚಲನೆಗೆ ಸ್ನಾಯು ಬಳಸುವ ಕ್ರಿಯಾಟಿನ್ ಫಾಸ್ಫೇಟ್ ಬಹುಪಾಲು ಮರಳಿ ತುಂಬಿಕೊಳ್ಳಲು ಮೂರು ನಿಮಿಷದಷ್ಟು ಹೊತ್ತು ಹಿಡಿಯುತ್ತದೆ. ಕೋಚ್ ಅವಳನ್ನು ಕೂರಿಸುವುದು ಅದಕ್ಕೇ.

ಇದು ಈಗಿನವರ ಸೋಮಾರಿತನವೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಶಕ್ತಿ ತುಂಬಲು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಹಂತಹಂತವಾಗಿ ಭಾರ ಏರಿಸುವ ಕ್ರಮವನ್ನು ರೂಪಿಸಿದರು. 1945ರಲ್ಲಿ ಅವರು ಬರೆದದ್ದು ಒಂದು ಸಲದ ಕಸರತ್ತಿನಲ್ಲಿ ಒಟ್ಟು 70ರಿಂದ 100 ಬಾರಿ ಭಾರ ಎತ್ತಬೇಕು ಎಂದು. ಮೂರು ವರ್ಷದ ಅನುಭವದ ನಂತರ, 1948ರಲ್ಲಿ, ಅಷ್ಟು ಬೇಡ, 20ರಿಂದ 30 ಸಾಕು ಎಂದು ತಾವೇ ತಿದ್ದಿಕೊಂಡರು. ಕಡಿಮೆ ಮಾಡಿಸಿಯೂ ಹೆಚ್ಚು ಪಡೆಯಬಹುದು ಎಂದು ಕಂಡಾಗ ಹಿಂದಿನ ಮಾತು ಬಿಟ್ಟುಕೊಟ್ಟ ಆ ವೈದ್ಯರ ಬಗ್ಗೆ ನನಗೆ ಅಪಾರ ಗೌರವ.

ನಾನೂ ಒಂದು ಕಾಲದಲ್ಲಿ 400 ಮೀಟರ್ ಓಡುತ್ತಿದ್ದೆ. ಸ್ಪರ್ಧೆಗೆ ನಾಲ್ಕೇ ದಿನ ಇರುವಾಗಲೂ ವಾಂತಿಯಾಗುವ ತನಕ ಓಡಿಸುತ್ತಿದ್ದ ಗುರುಗಳೊಬ್ಬರು ನಮಗಿದ್ದರು. ಸ್ಪರ್ಧೆಯ ದಿನ ಕೊನೆಯ ನೂರು ಮೀಟರಿನಲ್ಲಿ ಕಾಲು ನನ್ನ ಮಾತು ಕೇಳಲಿಲ್ಲ. “ಇನ್ನೂ ಸಾಲದು” ಎಂದರು. ಸ್ಪರ್ಧೆ ಹತ್ತಿರವಾದಾಗ ವೇಗ ಬಿಡದೆ ಪ್ರಮಾಣ ಮಾತ್ರ ಇಳಿಸಬೇಕು, ಎರಡು ವಾರ ಮೊದಲೇ ಸುಮಾರು ಅರ್ಧಕ್ಕೆ ತಂದರೂ ನಷ್ಟವಿಲ್ಲ, ಲಾಭವೇ ಎಂದು ನಾನು ಓದಿ ತಿಳಿದಾಗ ಓಡುವ ವಯಸ್ಸು ಮುಗಿದಿತ್ತು.

ಇತ್ತೀಚೆಗೆ ಒಬ್ಬ ತರಬೇತುದಾರರ ಪಕ್ಕ ಒಂದು ಬೆಳಿಗ್ಗೆ ಕೂತಿದ್ದೆ. ಹುಡುಗನೊಬ್ಬ ಭಾರದ ಬಾರ್ ಹೊತ್ತು ಸ್ಕ್ವಾಟ್, ಅಂದರೆ ಕುಕ್ಕರಿಸಿ ಏಳುವ ಕಸರತ್ತು, ಮಾಡುತ್ತಿದ್ದ. ಮೂರು ಸಲ ಚಕ್ಕನೆ ಎದ್ದ. ನಾಲ್ಕನೆಯದರಲ್ಲಿ ಬಾರ್ ಅರ್ಧದಲ್ಲಿ ಕ್ಷಣಕಾಲ ತಡವರಿಸಿತು, ಎಡ ಮೊಣಕಾಲು ತುಸು ಒಳಕ್ಕೆ ವಾಲಿತು. “ಸಾಕು, ಇಡು” ಎಂದರು. ನೋಟ್‌ಬುಕ್ಕಿನಲ್ಲಿ 5 ಸಲ ಎಂದಿದ್ದುದನ್ನು ಹೊಡೆದುಹಾಕಿ 4 ಎಂದು ಬರೆದರು. ರಾತ್ರಿ ಎಷ್ಟು ಗಂಟೆ ನಿದ್ದೆ ಎಂದು ಕೇಳಿ ಅದನ್ನೂ ಪಕ್ಕದಲ್ಲಿ ಬರೆದುಕೊಂಡರು: 5. ಅಂದಿನ ಜಿಗಿತಗಳನ್ನೆಲ್ಲ ಕೈಬಿಟ್ಟರು. ನನ್ನ ಕಣ್ಣಿಗೆ ಅದಕ್ಕಿಂತ ಒಳ್ಳೆಯ ತರಬೇತಿ ಬಿದ್ದಿಲ್ಲ.

ನಿಮ್ಮನ್ನೊಬ್ಬರನ್ನೇ ದೂರುವುದು ತಪ್ಪಾಗುತ್ತದೆ. ರಾತ್ರಿ ಎರಡರವರೆಗೆ ಓದಿದ ಮಗುವನ್ನು ಹೊಗಳುತ್ತೇವೆ, ಓದಿದ್ದು ತಲೆಗೆ ಹತ್ತಿತೇ ಎಂದು ಕೇಳುವುದಿಲ್ಲ. ಕಚೇರಿಯಲ್ಲಿ ಕೊನೆಗೆ ದೀಪ ಆರಿಸುವವನೇ ದುಡಿಮೆಗಾರ ಎನ್ನುತ್ತೇವೆ. ಚಾಂಪಿಯನ್ನರ ದಿನಚರಿ ಎಂದು ಏಳು ಗಂಟೆಯ ಕಸರತ್ತಿನ ಪಟ್ಟಿ ಅಚ್ಚು ಹಾಕುವ ಪತ್ರಿಕೆಗಳು, ಹತ್ತು ವರ್ಷ ಮೆಲ್ಲಮೆಲ್ಲನೆ ಏರಿಸಿದ ಮೇಲೆ ಆ ದೇಹ ಅಷ್ಟನ್ನು ತಾಳಿಕೊಂಡಿತು ಎಂಬುದನ್ನು ಬರೆಯುವುದಿಲ್ಲ. ಆ ಪಟ್ಟಿ ಹಿಡಿದು ಹದಿನೇಳರ ಮಕ್ಕಳು ಮೊಣಕಾಲು ಕೆಡಿಸಿಕೊಳ್ಳುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ನಾಳೆ ಕೋಚ್ ಬಳಿ ಹೋಗಿ ಅವರ ನೋಟ್‌ಬುಕ್ ತೋರಿಸಿ ಎಂದು ಕೇಳಿ. ಎಂಟು ವಾರದ ಹಿಂದಿನ ಭಾರ, ಇಂದಿನ ಭಾರ, ಜಿಗಿತದ ಅಳತೆ ಅದರಲ್ಲಿರಬೇಕು. ಇಲ್ಲದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಇದ್ದರೆ, ಅವರೂ ಮಗಳೂ ಒಪ್ಪಿದಲ್ಲಿ, ಒಂದು ಪುಟ ಕಳಿಸಿಕೊಡಿ. ಕ್ರೀಡಾ ಪುಟದಲ್ಲಿ ನಾವು ಬೆವರಿದ ಮುಖಗಳನ್ನು ಹಾಕುವ ಜಾಗದಲ್ಲೇ ಅದನ್ನು ಪ್ರಕಟಿಸುತ್ತೇನೆ.

— ಸಂ.