ದಿವಾನರೋ ಮುಖ್ಯ ಎಂಜಿನಿಯರೋ: ಕನ್ನಂಬಾಡಿ ಕಟ್ಟೆ ಮತ್ತು ವಿಶ್ವೇಶ್ವರಯ್ಯ

ಕನ್ನಂಬಾಡಿ ಕಟ್ಟೆಯ ಕಾಲದಲ್ಲಿ ವಿಶ್ವೇಶ್ವರಯ್ಯನವರು ಯಾವ ಹುದ್ದೆಯಲ್ಲಿದ್ದರು ಎಂಬುದರ ಬಗ್ಗೆ ಲೇಖನ ಬರೆಯುವವರಿಗೆ ಆಗುವ ಗೊಂದಲಕ್ಕೆ ಬಹುಶಃ ಕಾರಣ, ಯೋಜನೆ ರೂಪುಗೊಂಡ ಕಾಲವನ್ನೂ ಕಟ್ಟೆ ಮುಗಿದ ಕಾಲವನ್ನೂ ಲೇಖನಗಳು ಒಂದಾಗಿಸುವುದೇ ಆಗಿದೆ. ಇಂಥದೇ ಲೇಖನವನ್ನು ತಿದ್ದುವಾಗ ನನಗೂ ಇದೇ ತೊಡಕು ಎದುರಾಗಿತ್ತು. ಮೊದಲು ಹುದ್ದೆಗಳನ್ನು ವರ್ಷದೊಡನೆ ಬರೆದುಕೊಳ್ಳಿ: ಅವರು 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು, 1918ರಲ್ಲಿ ರಾಜೀನಾಮೆ ನೀಡಿದರು. ಅನಂತರ ಕಾಮಗಾರಿಯನ್ನು ಅದರ ಪಕ್ಕದಲ್ಲಿಡಿ. ಯೋಜನೆ ಸಿದ್ಧವಾದದ್ದೂ 1911ರಲ್ಲಿ ಕೆಲಸ ಆರಂಭವಾದದ್ದೂ ಅವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ದಿವಾನರಾಗಿ ಅವರು ಅದನ್ನು ಮುನ್ನಡೆಸಿದರು. ಮುಗಿದ ವರ್ಷವನ್ನು ಕೆಲವರು 1931 ಎಂದೂ ಕೆಲವರು 1932 ಎಂದೂ ಕೊಡುವುದರಿಂದ ‘1930ರ ದಶಕದ ಆರಂಭ’ ಎಂದು ಬರೆಯುವುದು ಕ್ಷೇಮ. ಅವರು ರೂಪಿಸಿದ, ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿಯೇ ತೆರೆದು ಮುಚ್ಚುವ ಸ್ವಯಂಚಾಲಿತ ತೂಬುಬಾಗಿಲುಗಳ ಕಥೆಯನ್ನು ಮಾತ್ರ ಮೈಸೂರಿನಿಂದ ಆರಂಭಿಸಬೇಡಿ; ಅವು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲೇ ಬಳಕೆಗೆ ಬಂದಿದ್ದವು.