‘ಕಂಪ್ಲೀಟ್’ ಸಿಡಿಗೋಸ್ಕರ ತಾತನ ಎಲ್‌ಪಿ ಮಾರಬೇಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಆಮೇಲೆ ಹಳೇ ಸಂಕಟವೊಂದು ಎದ್ದು ಕೂತಿತು. ತಾತ ಬಿಟ್ಟುಹೋದ ಇಂಗ್ಲಿಷ್ ಸಿನಿಮಾ ಸಂಗೀತದ ಎಲ್‌ಪಿಗಳು, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಗಳು, ಅಟ್ಟದ ಮೇಲಿವೆ, ಅವನ್ನು ಮಾರಿ ಅದೇ ಚಿತ್ರಗಳ ಸಂಗೀತ ಪೂರ್ತಿ ಇದೆ ಅನ್ನುವ ‘ಕಂಪ್ಲೀಟ್’ ಸಿಡಿ ತಗೊಂಡು ಸಂಗ್ರಹ ಶುರು ಮಾಡಲಾ, ಯಾವುದಕ್ಕೆ ಮುಂದೆ ಬೆಲೆ ಜಾಸ್ತಿ ಬರುತ್ತೆ ಅಂತ ಕೇಳಿದ್ದೀರಿ. ಮಾರಬೇಡಿ. ನಾನು ಇದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನನ್ನ ಸೋದರಮಾವ ಕುವೈತ್‌ನಲ್ಲಿ ಕೆಲಸಕ್ಕಿದ್ದರು. ಎಂಬತ್ತರ ದಶಕದಲ್ಲಿ ಒಮ್ಮೆ ರಜೆಗೆ ಬಂದವರು ಒಂದು ರೆಕಾರ್ಡ್ ಪ್ಲೇಯರ್, ಒಂದು ಕಟ್ಟು ಎಲ್‌ಪಿ ತಂದು ಶಿವಮೊಗ್ಗದ ನಮ್ಮ ಮನೆಯಲ್ಲಿ ಬಿಟ್ಟು ಹೋದರು. ಅಲ್ಲಿಯ ಅಂಗಡಿಯ ಬೆಲೆ ಚೀಟಿ ಇನ್ನೂ ಕವರ್ ಮೇಲೇ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆಯಲು ಹೋಗಿ ತಂಗಿ ಮೂಲೆಯನ್ನೇ ಹರಿದಿದ್ದಳು. ಆ ಕಟ್ಟಿನಲ್ಲಿ ‘ಇ.ಟಿ.’ ಚಿತ್ರದ ರೆಕಾರ್ಡ್ ಇತ್ತು. ಸ್ಪೀಲ್‌ಬರ್ಗ್ ಅವರ 1982ರ ಚಿತ್ರ, ಸಂಗೀತ ಜಾನ್ ವಿಲಿಯಮ್ಸ್ ಅವರದು. ಚಿತ್ರವನ್ನು ನಾವ್ಯಾರೂ ನೋಡಿರಲಿಲ್ಲ. ನಮಗೆ ಸಿನಿಮಾ ರೆಕಾರ್ಡ್ ಅಂದರೆ ನಾಲ್ಕು ಹಾಡಿನ ಚಿಕ್ಕ ತಟ್ಟೆ, ಇಪಿ. ಇದನ್ನು ಹಾಕಿ ಕೂತರೆ ಹಾಡೇ ಬರಲೊಲ್ಲದು. ಅಜ್ಜಿ ಸ್ವಲ್ಪ ಹೊತ್ತು ಕಾದು, ‘ಯಾರೂ ಹಾಡೋದೇ ಇಲ್ವಲ್ಲೋ, ಕೆಟ್ಟಿದೆಯೇನೋ ನೋಡು’ ಅಂದರು.

ಕೆಟ್ಟಿರಲಿಲ್ಲ. ಕೇಳ್ತಾ ಕೇಳ್ತಾ ನನಗೆ ಅದು ಬಾಯಿಪಾಠವಾಯಿತು. ಕಥೆ ಗೊತ್ತಿಲ್ಲದ್ದರಿಂದ ನನ್ನದೇ ಕಥೆ ಕಟ್ಟಿಕೊಂಡಿದ್ದೆ. ಅದರಲ್ಲಿ ಕಾಡಿತ್ತು, ಕಳೆದುಹೋದ ಹುಡುಗನಿದ್ದ, ಆನೆಯೂ ಇತ್ತು. ಎರಡನೇ ಬದಿಯಲ್ಲಿ ‘ಓವರ್ ದ ಮೂನ್’ ಅಂತ ಒಂದು ಚಿಕ್ಕ ತುಣುಕಿದೆ. ಪಿಯಾನೋ ಮುಂದೆ ಮುಂದೆ ಓಡುತ್ತೆ, ವಾದ್ಯವೃಂದ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತೆ. ಅದು ಮುಗಿದ ಮೇಲೆ ಬರುವುದು ಕೊನೆಯ ಉದ್ದನೆಯ ತುಣುಕು, ಹತ್ತಿರ ಹತ್ತಿರ ಕಾಲು ಗಂಟೆಯದು. ಇದರ ಹಿಂದಿನ ಕಥೆ ಎಷ್ಟೋ ವರ್ಷ ಆದ ಮೇಲೆ ಓದಿದೆ. ಚಿತ್ರದ ಕೊನೆಯ ಭಾಗಕ್ಕೆ ಸಂಗೀತವನ್ನು ದೃಶ್ಯದ ಅಳತೆಗೆ ಸರಿಯಾಗಿ ಕೂರಿಸಲು ವಿಲಿಯಮ್ಸ್ ಒದ್ದಾಡುತ್ತಿದ್ದರಂತೆ. ಆಗ ಸ್ಪೀಲ್‌ಬರ್ಗ್ ಪರದೆ ಮೇಲಿನ ಚಿತ್ರವನ್ನೇ ನಿಲ್ಲಿಸಿ, ಸಂಗೀತ ಕಛೇರಿಯಲ್ಲಿ ನುಡಿಸೋ ಹಾಗೆ ನುಡಿಸಿ ಅಂದರು. ಆಮೇಲೆ ಆ ಸಂಗೀತಕ್ಕೆ ಹೊಂದುವಂತೆ ಚಿತ್ರವನ್ನು ಕತ್ತರಿಸಿ ಜೋಡಿಸಿದರು. ನಿರ್ದೇಶಕನೊಬ್ಬ ಸಂಗೀತಗಾರನಿಗೆ ಇಷ್ಟು ಜಾಗ ಬಿಟ್ಟುಕೊಟ್ಟಿದ್ದು ಕೇಳಿ ನನಗೆ ಈಗಲೂ ಆಶ್ಚರ್ಯ.

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದೆ. ಬಾಡಿಗೆ ಮನೆ, ಒಂದೇ ರೂಮು. ಪ್ಲೇಯರ್‌ನ ಬೆಲ್ಟ್ ತುಂಡಾಗಿ ಮೂಲೆ ಸೇರಿತ್ತು. ಆಫೀಸಿನ ಗೆಳೆಯ ಅಮೆರಿಕದಿಂದ ಬರುವಾಗ 1996ರಲ್ಲಿ ಹೊರಬಂದಿದ್ದ ‘ಇ.ಟಿ.’ ಸಿಡಿ ತಂದುಕೊಟ್ಟ. ಎಲ್‌ಪಿಯಲ್ಲಿ ಸುಮಾರು 40 ನಿಮಿಷದ ಸಂಗೀತ. ಇದರಲ್ಲಿ ಒಂದು ಗಂಟೆಗೂ ಮೀರಿ ಇದೆ, ಚಿತ್ರದಲ್ಲಿ ಕೇಳಿದ್ದೆಲ್ಲ ಇದೆ ಅಂದ. ನಾನು ಒಂದನೇ ಕ್ಲಾಸಿನ ಲೆಕ್ಕ ಹಾಕಿದೆ. ದೊಡ್ಡದರಲ್ಲಿ ಚಿಕ್ಕದು ಇದ್ದೇ ಇರುತ್ತೆ ಅಲ್ವಾ? ಹಾಗಾದರೆ ಎಲ್‌ಪಿ ಯಾಕೆ? ಆ ಶನಿವಾರವೇ ಮಾವನ ಇಡೀ ಕಟ್ಟನ್ನು ಆಟೋದಲ್ಲಿ ಹಾಕಿಕೊಂಡು ಹಳೇ ರೆಕಾರ್ಡ್ ಕೊಳ್ಳುವ ಅಂಗಡಿಗೆ ಕೊಟ್ಟುಬಂದೆ. ಅಂಗಡಿಯವರು ಒಳ್ಳೆಯವರು. ‘ನಿಜವಾಗ್ಲೂ ಕೊಡ್ತೀರಾ ಸಾರ್?’ ಅಂತ ಎರಡು ಸಲ ಕೇಳಿದರು. ಬಂದ ದುಡ್ಡು ಆ ತಿಂಗಳ ಕರೆಂಟ್ ಬಿಲ್ಲಿಗೆ, ಒಂದು ಜೊತೆ ಚಪ್ಪಲಿಗೆ ಸರಿಹೋಯಿತು.

ಮನೆಗೆ ಬಂದು ಸಿಡಿ ಹಾಕಿ ‘ಓವರ್ ದ ಮೂನ್’ ಹುಡುಕಿದರೆ ಇಲ್ಲ! ಹೆಸರು ಬದಲಾಯಿಸಿರಬೇಕು ಅಂದುಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಎಲ್ಲೂ ಇಲ್ಲ. ಇನ್ನೂ ವಿಚಿತ್ರ ಅಂದರೆ, ಬಾಯಿಪಾಠವಾಗಿದ್ದ ಬೇರೆ ತುಣುಕುಗಳೂ ನನ್ನ ಕಿವಿಯಲ್ಲಿದ್ದ ಹಾಗೆ ಬರುತ್ತಿರಲಿಲ್ಲ. ರಾಗ ಅದೇ, ನಡೆ ಬೇರೆ. ಇಲ್ಲಿ ಏರಬೇಕು ಅಂತ ಕಾದರೆ ಅಲ್ಲೇ ನಿಂತುಬಿಡುತ್ತೆ, ಮುಗಿಯಿತು ಅಂದುಕೊಂಡರೆ ಇನ್ನೆಲ್ಲಿಗೋ ಹೊರಡುತ್ತೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ಎಡವಿರುವುದೂ ಇಲ್ಲೇ. ಚಿತ್ರಕ್ಕೆ ನುಡಿಸಿದ ಸಂಗೀತ ದೃಶ್ಯದ ಅಳತೆಗೆ ಇರುತ್ತೆ. ಹುಡುಗ ಬಾಗಿಲು ತೆಗೆದ, ಸಂಗೀತ ನಿಲ್ಲಬೇಕು. ಯಾರೋ ಮಾತಾಡಿದರು, ಸಂಗೀತ ಕೆಳಗಿಳಿಯಬೇಕು. ಇದನ್ನು ಹಾಗೇ ರೆಕಾರ್ಡಿಗೆ ಹಾಕಿದರೆ ಮನೆಯಲ್ಲಿ ಕೂತು ಕೇಳುವವನಿಗೆ ತುಂಡು ತುಂಡು ಅನ್ನಿಸುತ್ತೆ. ಅದಕ್ಕೇ ವಿಲಿಯಮ್ಸ್ 1982ರ ಆಲ್ಬಂಗೆ ಅಂತಲೇ ಕೆಲವು ಭಾಗಗಳನ್ನು ಬೇರೆಯಾಗಿ ಹೆಣೆದು ನುಡಿಸಿದ್ದರು. 1996ರ ಸಿಡಿಯಲ್ಲಿದ್ದದ್ದು ಚಿತ್ರದೊಳಗಿನ ಸಂಗೀತ. ಅಂದರೆ ನಾನು ಮಾರಿದ್ದು ಒಂದು, ತಗೊಂಡಿದ್ದು ಇನ್ನೊಂದು. ಎರಡರ ಮೇಲೂ ಒಂದೇ ಹೆಸರು ಇತ್ತು, ಅಷ್ಟೇ. ದೊಡ್ಡದರೊಳಗೆ ಚಿಕ್ಕದು ಇರಲೇ ಇಲ್ಲ. ಮಾರುವ ಮುಂಚೆ ಎಲ್‌ಪಿ ಕವರಿನ ಹಿಂಭಾಗದ ತುಣುಕುಗಳ ಪಟ್ಟಿಯನ್ನೂ ಸಿಡಿಯ ಹಿಂಭಾಗದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ಒಂದೇ ಒಂದು ಹೆಸರೂ ತಾಳೆಯಾಗುತ್ತಿರಲಿಲ್ಲ. ನೋಡಲಿಲ್ಲ. ‘ಜಾಸ್ತಿ ಇದೆ’ ಅಂದ ಮೇಲೆ ನೋಡುವುದೇನು ಅಂತ.

ಮುಂದಿನ ವಾರ ಅಂಗಡಿಗೆ ಓಡಿದೆ. ‘ಇ.ಟಿ.’ ಆಗಲೇ ಯಾರದೋ ಪಾಲಾಗಿತ್ತು. ಮೂಲೆ ಹರಿದ, ಕುವೈತ್ ಚೀಟಿಯ ಆ ಕವರ್ ಮತ್ತೆ ಎಲ್ಲೂ ಕಣ್ಣಿಗೆ ಬೀಳಲಿಲ್ಲ. 2017ರಲ್ಲಿ ಲಾ-ಲಾ ಲ್ಯಾಂಡ್ ರೆಕಾರ್ಡ್ಸ್‌ನವರು ಇದರ ಎರಡು ಡಿಸ್ಕಿನ ಸೀಮಿತ ಆವೃತ್ತಿ ತಂದರು. ಒಂದರಲ್ಲಿ ಚಿತ್ರದ ಸಂಗೀತ, ಇನ್ನೊಂದರಲ್ಲಿ ಹಳೇ ಆಲ್ಬಂ. ಡಾಲರ್ ಲೆಕ್ಕದಲ್ಲಿ ಬೆಲೆ, ಅದರ ಮೇಲೆ ಅಂಚೆ ಖರ್ಚು, ಅದರ ಮೇಲೆ ಸುಂಕ. ಹೆಂಡತಿ ಬಿಲ್ ನೋಡಿ, ‘ಇದು ಮಾವ ಪುಕ್ಕಟೆ ಕೊಟ್ಟಿದ್ದಲ್ವಾ?’ ಅಂದಳು. ಉತ್ತರ ಕೊಡಲಿಲ್ಲ.

ಇದೊಂದು ಚಿತ್ರದ ಕಥೆ ಮಾತ್ರ ಅಂದುಕೊಳ್ಳಬೇಡಿ. 1977ರ ‘ಸ್ಟಾರ್ ವಾರ್ಸ್’ ಜೋಡಿ ಎಲ್‌ಪಿಯಲ್ಲಿ ಸಂಗೀತ ಕಥೆಯ ಕ್ರಮದಲ್ಲಿಲ್ಲ. ಕೇಳಲು ಚೆನ್ನಾಗಿರಲಿ ಅಂತ ವಿಲಿಯಮ್ಸ್ ತಾವೇ ಹಿಂದುಮುಂದು ಮಾಡಿ ಜೋಡಿಸಿದರು. ಇನ್ನೊಬ್ಬ ಹಾಲಿವುಡ್ ಸಂಗೀತಗಾರ ಹೆನ್ರಿ ಮ್ಯಾನ್ಸಿನಿ ಇನ್ನೂ ಒಂದು ಹೆಜ್ಜೆ ಮುಂದೆ. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್’ ಆಲ್ಬಂನಲ್ಲಿ ಇರುವುದು ಚಿತ್ರದಲ್ಲಿ ನುಡಿಸಿದ್ದಲ್ಲ, ರೆಕಾರ್ಡಿಗೆಂದೇ ಮತ್ತೆ ನುಡಿಸಿದ್ದು. ಇದಕ್ಕೆ ದುಡ್ಡಿನ ಕಾರಣವೂ ಇತ್ತು. ಅಮೆರಿಕದ ವಾದ್ಯಗಾರರ ಸಂಘದ ನಿಯಮದ ಪ್ರಕಾರ, ಚಿತ್ರಕ್ಕೆ ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮಾರಿದರೆ ನುಡಿಸಿದವರಿಗೆಲ್ಲ ಇನ್ನೊಮ್ಮೆ ದುಡ್ಡು ಕೊಡಬೇಕು. ದೊಡ್ಡ ವಾದ್ಯವೃಂದವಾದರೆ ಅದು ಸಣ್ಣ ಮೊತ್ತವಲ್ಲ. ಹಾಗಾಗಿ ಎಷ್ಟೋ ಹಳೇ ಆಲ್ಬಂಗಳು ಅರ್ಧ ಗಂಟೆಗೇ ಮುಗಿಯುತ್ತವೆ, ಇಲ್ಲಾ ಬೇರೆಯದೇ ನುಡಿಸಾಣಿಕೆ ಆಗಿರುತ್ತವೆ.

ಈಗ ‘ಕಂಪ್ಲೀಟ್’ ಬಗ್ಗೆ ನನ್ನ ಅಭಿಪ್ರಾಯ. ಸಂಗ್ರಹಕಾರರು ಸಿಟ್ಟಾಗಬಹುದು, ಆಗಲಿ. ಕಂಪ್ಲೀಟ್ ಆವೃತ್ತಿಗಳಲ್ಲಿ ಬಹಳಷ್ಟು, ಎಡಿಟ್ ಮಾಡದ ಮದುವೆ ವಿಡಿಯೋ ಇದ್ದ ಹಾಗೆ. ಎಲ್ಲರೂ ಇದ್ದಾರೆ, ನೋಡಲು ಆಗುವುದಿಲ್ಲ. ಅರ್ಧ ನಿಮಿಷದ ತಂತಿ ಮೀಟು, ಅದರ ಹಿಂದೆ ಅದೇ ರಾಗದ ಇನ್ನೊಂದು ರೂಪ, ಅದರ ಹಿಂದೆ ಚಿತ್ರದಲ್ಲಿ ಬಳಸದೇ ಬಿಟ್ಟಿದ್ದು. ಒಂದು ಚಿತ್ರವನ್ನು ಜೀವಕ್ಕಿಂತ ಜಾಸ್ತಿ ಪ್ರೀತಿಸುವವರಿಗೆ ಅದು ಬೇಕು. ನನಗೂ ಒಂದೆರಡು ಚಿತ್ರಗಳಿಗೆ ಬೇಕು. ಶುರು ಮಾಡುವವರಿಗೆ ಬೇಡವೇ ಬೇಡ. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಯುತ್ತಿತ್ತು. ಆ ಇಕ್ಕಟ್ಟಿನಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಸಂಗೀತ ಮಾಡಿದವರೇ ಕೂತು ಆರಿಸುತ್ತಿದ್ದರು. ಆ ಆಯ್ಕೆಗೂ ಒಂದು ಬೆಲೆ ಇದೆ.

ತಾತನ ಪೆಟ್ಟಿಗೆಯಲ್ಲಿರುವುದೆಲ್ಲ ಚಿನ್ನ ಅಂತಲೂ ನಾನು ಹೇಳುತ್ತಿಲ್ಲ. ಕವರ್ ಸರಿಯಾಗಿ ಓದಿ. ಕೌಬಾಯ್ ಚಿತ್ರದ ಹೆಸರು ದೊಡ್ಡದಾಗಿ ಇರುತ್ತೆ, ಕೆಳಗೆ ಚಿಕ್ಕ ಅಕ್ಷರದಲ್ಲಿ ಬೇರೆ ಯಾರದೋ ವಾದ್ಯವೃಂದ ಅಂತ ಇರುತ್ತೆ. ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಚಿತ್ರಕ್ಕೆ ಸಂಗೀತ ಕೊಟ್ಟವರು ಎನ್ನಿಯೊ ಮೊರಿಕೋನೆ. 1968ರಲ್ಲಿ ಅಮೆರಿಕದಲ್ಲಿ ಭರ್ಜರಿಯಾಗಿ ಓಡಿದ್ದು ಮಾತ್ರ ಹ್ಯೂಗೋ ಮಾಂಟೆನೆಗ್ರೊ ಅವರ ತಂಡ ನುಡಿಸಿದ ರೆಕಾರ್ಡ್. ಬ್ರಿಟನ್ನಿನ ಜೆಫ್ ಲವ್ ಅವರ ವಾದ್ಯವೃಂದದ್ದೂ ಇದೇ ಥರ, ಹೆಸರಾಂತ ಚಿತ್ರಗಳ ರಾಗಗಳನ್ನು ನುಡಿಸಿ ಅಗ್ಗದ ಎಲ್‌ಪಿ ಮಾಡಿದರು. ಹಳೇ ರೆಕಾರ್ಡಿನ ರಾಶಿ ಕೆದಕಿದರೆ ಇಂಥವು ಸಿಗುತ್ತಲೇ ಇರುತ್ತವೆ. ಕೆಟ್ಟವೇನಲ್ಲ, ಭಾನುವಾರ ದೋಸೆ ಹುಯ್ಯುವಾಗ ಹಾಕಲು ಚೆನ್ನಾಗಿರುತ್ತವೆ. ಆದರೆ ಚಿತ್ರದ ಮೂಲ ಸಂಗೀತ ಅಂದುಕೊಂಡು ದುಡ್ಡು ಕೊಡಬೇಡಿ.

ಕನ್ನಡ ಚಿತ್ರಗಳದ್ದೂ ಸೇರಿಸಬೇಕು ಅಂತ ಬರೆದಿದ್ದೀರಿ. ಆಸೆ ಒಳ್ಳೆಯದು, ಆದರೆ ಇಲ್ಲಿ ದಾರಿ ಬೇರೆ. ನಮ್ಮಲ್ಲಿ ಆಲ್ಬಂ ಅಂದರೆ ಹಾಡು. ಹಿನ್ನೆಲೆ ಸಂಗೀತಕ್ಕೆ ಗಾಂಧಿನಗರದಲ್ಲಿ ‘ರೀ-ರೆಕಾರ್ಡಿಂಗ್’ ಅಂತಾರೆ. ಅದನ್ನು ಮಾಡಿ, ಮಾತಿನ ಜೊತೆ ಬೆರೆಸಿ, ಚಿತ್ರಕ್ಕೆ ಅಂಟಿಸಿದರೆ ಮುಗಿಯಿತು. ಹಳೇ ಚಿತ್ರಗಳಲ್ಲಿ ಅದನ್ನು ಬೇರೆಯಾಗಿ ಮಾರಿದ್ದು ತೀರಾ ಅಪರೂಪ. ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ 1983ರದು. ಇಳಯರಾಜ ಅದಕ್ಕೆ ಮಾಡಿದ ಒಂದು ರಾಗ ಎಷ್ಟೋ ವರ್ಷಗಳ ನಂತರ ಮೊಬೈಲ್ ಕಂಪನಿ ಜಾಹೀರಾತಿಗೆ ಬಂದು ದೇಶಕ್ಕೆಲ್ಲ ಗೊತ್ತಾಯಿತು. ನಮ್ಮ ಆಫೀಸಿನಲ್ಲಿ ಅರ್ಧ ಜನ ಅದನ್ನು ಜಾಹೀರಾತಿನ ಟ್ಯೂನ್ ಅಂತಲೇ ತಿಳಿದಿದ್ದರು. ಚಿತ್ರದೊಳಗೆ ಅದು ಬೇರೆ ಬೇರೆ ಕಡೆ ಬಂದುಹೋಗುವುದನ್ನು ಕೇಳಬೇಕು ಅಂದರೆ ಚಿತ್ರವನ್ನೇ ನೋಡಬೇಕು. ನನ್ನ ಹತ್ತಿರ ಇರೋ ಕ್ಯಾಸೆಟ್‌ನಲ್ಲಿ ಹಾಡುಗಳು ಮಾತ್ರ.

ಈಚೆಗೆ ಕೆಲವು ಚಿತ್ರಗಳ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ಬೇರೆಯಾಗಿ ಬಿಡುತ್ತಿದ್ದಾರೆ, ಸಂತೋಷ. ಹಳೇದಕ್ಕೆ ನಾನು ಮಾಡುವುದು ಇಷ್ಟು. ಹಾಡುಗಳ ನಡುವಿನ ವಾದ್ಯದ ಭಾಗಗಳನ್ನೇ ಗಮನ ಕೊಟ್ಟು ಕೇಳುತ್ತೇನೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಇಪಿ ಒಂದನ್ನು ಹಾಕಿ, ಗಾಯಕರನ್ನು ಮರೆತು, ಎರಡನೇ ಚರಣಕ್ಕೆ ಮುಂಚೆ ಏನಾಗುತ್ತೆ ನೋಡಿ. ಪಿಟೀಲುಗಳು ಏನೋ ಹೇಳಲು ಹೊರಟಿರುತ್ತವೆ, ಕೊಳಲು ಅದನ್ನು ಅರ್ಧಕ್ಕೇ ಕಸಿದುಕೊಳ್ಳುತ್ತೆ. ಇಳಯರಾಜ ಹಿಂದೆ ಜಿ.ಕೆ.ವಿ. ಅವರಿಗೆ ಸಹಾಯಕರಾಗಿದ್ದವರು ಅನ್ನುವುದು ಗೊತ್ತಿದ್ದರೆ ಈ ಕೇಳ್ಮೆಗೆ ಇನ್ನೊಂದು ರುಚಿ ಸಿಗುತ್ತೆ.

ಬೆಲೆ ಏರುತ್ತಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಸೀಮಿತ ಆವೃತ್ತಿ ಅಂದ ಕೂಡಲೇ ತಗೊಂಡು ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟವರನ್ನು ನೋಡಿದ್ದೇನೆ. ಆಮೇಲೆ ಅದೇ ಕಂಪನಿ, ಇಲ್ಲಾ ಇನ್ನೊಂದು ಕಂಪನಿ, ಅದಕ್ಕಿಂತ ಚೆನ್ನಾಗಿರೋದನ್ನು ಹೊರತರುತ್ತೆ. ದುಡ್ಡು ಬೆಳೆಯಬೇಕಾದರೆ ಪೋಸ್ಟ್ ಆಫೀಸ್ ಇದೆ. ಎಲ್‌ಪಿಯಾ ಸಿಡಿಯಾ ಅಂದರೆ, ಮನೆಯಲ್ಲಿರುವ ಎಲ್‌ಪಿ ಇಟ್ಟುಕೊಳ್ಳಿ, ಹೊಸದಾಗಿ ತಗೊಳ್ಳುವುದಾದರೆ ಹಳೇ ಸಿಡಿ ತಗೊಳ್ಳಿ. ಬಣ್ಣ ಬಣ್ಣದ ಹೊಸ ವಿನೈಲ್ ಎಲ್‌ಪಿ ನೋಡಲು ಚೆಂದ, ಅಷ್ಟು ದುಡ್ಡು ಕೊಡುವಂಥದ್ದು ನನಗೇನೂ ಕೇಳಿಸಿಲ್ಲ. ಮೊಬೈಲಿನಲ್ಲಿ ಕೇಳುವಾಗಲೂ ಒಂದೇ ಚಿತ್ರಕ್ಕೆ ಎರಡು ಮೂರು ಆಲ್ಬಂ ಕಾಣಿಸುತ್ತವೆ. ಹೆಸರು ಬಿಡಿ, ತುಣುಕುಗಳ ಪಟ್ಟಿ ಮತ್ತು ನಿಮಿಷ ನೋಡಿ. ಯಾವ ಆವೃತ್ತಿ ಅಂತ ಅಲ್ಲೇ ತಿಳಿಯುತ್ತೆ.

ಮೊದಲು ತಾತನ ಪೆಟ್ಟಿಗೆಯಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ ಇಲ್ಲೇ ಹಾಕಿ. ಕವರಿನ ಹಿಂಭಾಗದ ಫೋಟೋ ಸಾಕು, ಯಾವುದು ಚಿತ್ರದ ಸಂಗೀತ, ಯಾವುದು ಬೇರೆಯವರು ನುಡಿಸಿದ್ದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಅಲ್ಲಿಯವರೆಗೆ ಅವನ್ನು ಅಟ್ಟದಿಂದ ಕೆಳಗಿಳಿಸಿ. ಬಿಸಿಲಿಗೆ ಕಾಯುವ ಶೀಟಿನ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟರೆ ಬಾಗಿಹೋಗುತ್ತವೆ, ಪುಸ್ತಕದ ಹಾಗೆ ನಿಲ್ಲಿಸಿಡಿ. ಮತ್ತೆ, ತಾತನ ಪ್ಲೇಯರ್ ಇದೆ ಅಂತ ಉತ್ಸಾಹದಲ್ಲಿ ಇವತ್ತೇ ರೆಕಾರ್ಡ್ ಹಾಕಿಬಿಡಬೇಡಿ. ಅಷ್ಟು ವರ್ಷದ ಮುಳ್ಳು ಸವೆದಿರುತ್ತೆ, ರೆಕಾರ್ಡಿನ ಗೆರೆಯನ್ನೇ ಕೆರೆದುಹಾಕುತ್ತೆ. ಮೊದಲು ಹೊಸ ಮುಳ್ಳು ಹಾಕಿಸಿ.