ಎಲೆಮರೆಯ ಕಾಯಿಗೆ ಉಲ್ಲೇಖ ಎಲ್ಲಿದೆ?

ಓದುಗರೊಬ್ಬರ ಪತ್ರ, ಸಂಕ್ಷಿಪ್ತವಾಗಿ:

“40 ವರ್ಷ ಸಂಗೀತ ಕಲಿಸಿದ ನನ್ನ ಗುರುಗಳ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನ ಬರೆದೆ. 7 ದಿನ ಚರ್ಚೆ ನಡೆಸಿ ಅಳಿಸಿಹಾಕಿದರು. ಉಳಿಸಿ ಎಂದು ಬರೆದ ಶಿಷ್ಯರು ನಾವು 11 ಮಂದಿ. ಅಳಿಸಿ ಎಂದವರು ಮೂವರೇ. ಒಂದೇ ಹಾಡಿನ ಹುಡುಗನೊಬ್ಬನ ಪುಟ ಮಾತ್ರ ಹಾಗೇ ಇದೆ. ಸಂಗೀತದ ಗಂಧಗಾಳಿ ಇಲ್ಲದವರು ಕಲಾವಿದರ ಯೋಗ್ಯತೆ ಅಳೆಯುವುದು ಯಾವ ನ್ಯಾಯ? ಅಳಿಸಿದ ಲೇಖನದ ಪ್ರತಿ ಕಳಿಸಿದ್ದೇನೆ. ಅದನ್ನು ನಿಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರೆ ಆಧಾರವಾಗಿ ತೋರಿಸಬಹುದು.”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನಮಗೆ ಹಿಡಿಸಿತು. ಗುರುವಿನ ಹೆಸರು ಹೇಳಿದೊಡನೆ 11 ಜನ ಎದ್ದು ನಿಲ್ಲುವುದು ಸಣ್ಣ ಮಾತಲ್ಲ. ಆದರೆ ನೀವು ಬಡಿದ ಬಾಗಿಲು ಬೇರೆ, ಬಡಿಯಬೇಕಾಗಿದ್ದ ಬಾಗಿಲು ಬೇರೆ.

ಅಲ್ಲಿ ಯಾರೂ ಯೋಗ್ಯತೆ ಅಳೆಯಲಿಲ್ಲ. ಈ ಕಲಾವಿದರಿಗೆ ಸಂಬಂಧಪಡದವರು, ನಂಬಲರ್ಹವಾದ ಕಡೆ, ನಾಲ್ಕು ಸಾಲಿಗಿಂತ ಹೆಚ್ಚಾಗಿ ಇವರ ಬಗ್ಗೆ ಬರೆದಿದ್ದಾರೆಯೇ ಎಂದಷ್ಟೇ ಕೇಳಿದರು. ಅದನ್ನೇ ಅಲ್ಲಿ ಗಮನಾರ್ಹತೆ ಎನ್ನುತ್ತಾರೆ. ಶ್ರುತಿ ಸೇರಿದೆಯೇ, ಲಯ ನಿಂತಿದೆಯೇ ಎಂಬುದು ಪ್ರಶ್ನೆಯೇ ಅಲ್ಲ. ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್ ಅಪಸ್ವರಕ್ಕೇ ಹೆಸರಾದ ಗಾಯಕಿ. 1944ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು, ವಿಮರ್ಶಕರು ಬೈದು ಬರೆದರು. ಬೈದರೂ ಬರೆದರಲ್ಲ, ಪುಟಕ್ಕೆ ಅಷ್ಟು ಸಾಕು. ನಿಮ್ಮ ಗುರುಗಳು ಚೆನ್ನಾಗಿ ಹಾಡುತ್ತಾರೆ, ಬರೆದವರಿಲ್ಲ.

ನಿಮ್ಮ ಲೇಖನದ 14 ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಐದು, “ಸಂಜೆ 6 ಗಂಟೆಗೆ ಗಾಯನ” ಎಂಬಂಥ ಪ್ರಕಟಣೆಗಳು. ಕಾರ್ಯಕ್ರಮ ಇತ್ತು ಎನ್ನುವುದಕ್ಕಿಂತ ಹೆಚ್ಚೇನೂ ಅವುಗಳಿಂದ ತಿಳಿಯುವುದಿಲ್ಲ. ಮೂರು ಪತ್ರಿಕೆಗಳ ಮೂರು ಸುದ್ದಿಗಳು ಅಕ್ಷರ ಬದಲಾಗದ ಒಂದೇ ಬರಹ. ಸಂಘಟಕರ ಪತ್ರಿಕಾ ಹೇಳಿಕೆ ಮೂರು ಕಡೆ ಅಚ್ಚಾದರೆ ಮೂರು ಆಧಾರ ಆಗುವುದಿಲ್ಲ, ಒಂದೂ ಆಗುವುದಿಲ್ಲ. ಎರಡು ಅವರದೇ ಜಾಲತಾಣದವು. ಒಂದು ಅಭಿನಂದನ ಸಮಿತಿಯ ಸ್ಮರಣ ಸಂಚಿಕೆ. ಅಭಿನಂದಿಸಲೆಂದೇ ಕೂಡಿದ ಸಮಿತಿಯನ್ನು ತಟಸ್ಥ ಎನ್ನಲು ಬರುವುದಿಲ್ಲ. ಎರಡು ಸಂದರ್ಶನಗಳಲ್ಲಿ ಗುರುಗಳು ತಮ್ಮ ಬಗ್ಗೆ ತಾವೇ ಹೇಳಿದ ಮಾತನ್ನು ಬಿಟ್ಟರೆ, ಸಂದರ್ಶಕರು ಸ್ವಂತವಾಗಿ ಬರೆದ ಪೀಠಿಕೆ ಎರಡೇ ವಾಕ್ಯ. ಉಳಿದದ್ದು ಒಂದು. ಅದು ನಿಜವಾದ ವಿಮರ್ಶೆ, ಅದರಲ್ಲಿ ಒಂದು ಪ್ಯಾರಾ ಪೂರ್ತಿ ಅವರದೇ. ಅಂಥವು ಇನ್ನೆರಡು ಇದ್ದಿದ್ದರೆ ಲೇಖನ ಬಹುಮಟ್ಟಿಗೆ ಉಳಿಯುತ್ತಿತ್ತು. 14 ಕೊಟ್ಟಿದ್ದೇ ತಪ್ಪಾಯಿತು. ಜೊಳ್ಳು ತೂರಿ ಕಾಳು ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮೂರು ಒಳ್ಳೆಯ ಉಲ್ಲೇಖ ಕೊಟ್ಟು ಸುಮ್ಮನಿರಬೇಕು. ಅವು ಅಂತರ್ಜಾಲದಲ್ಲೇ ಸಿಗಬೇಕೆಂದೂ ಇಲ್ಲ, ಇಂಗ್ಲಿಷಿನಲ್ಲೇ ಇರಬೇಕೆಂದೂ ಇಲ್ಲ. ಹಳೆಯ ಮುದ್ರಿತ ಪತ್ರಿಕೆಯಾದರೆ ಹೆಸರು, ತಾರೀಖು, ಪುಟಸಂಖ್ಯೆ, ಬರೆದವರ ಹೆಸರು ಕೊಟ್ಟರಾಯಿತು.

11ಕ್ಕೆ ಮೂರು ಎಂದಿರಿ. ಅದು ಮತದಾನವಲ್ಲ. ಹಿಂದೆ ಇಂಥ ಅಳಿಸುವಿಕೆಯ ಚರ್ಚೆ ನಡೆಯುವ ಪುಟದ ಹೆಸರಿನಲ್ಲಿ “ಮತ” ಎಂಬ ಪದವೇ ಇತ್ತು. ಜನ ನಿಮ್ಮ ಹಾಗೆಯೇ ತಲೆ ಎಣಿಸಲು ಶುರುಮಾಡುತ್ತಾರೆಂದು 2005ರಲ್ಲಿ ತೆಗೆದರು. ಚರ್ಚೆ ಮುಗಿಸುವ ನಿರ್ವಾಹಕರು ನೋಡುವುದು ವಾದದ ತೂಕವನ್ನು. ಅದೇ ದಿನ ಖಾತೆ ತೆರೆದು ಒಂದೇ ಕಡೆ ಬರೆದವರ ಹೆಸರಿನ ಮುಂದೆ ಹಾಗೆಂದು ಗುರುತು ಬೀಳುತ್ತದೆ. ಹತ್ತು ಶಿಷ್ಯರು “ಮಹಾನ್ ಕಲಾವಿದರು” ಎಂದರೆ ಎದುರಿನವರಿಗೆ ಕಾಣುವುದು ಗುಂಪು ಮಾತ್ರ.

ನಮಗೆ ಬೇಸರವಾದದ್ದು ಇನ್ನೊಂದಕ್ಕೆ. ಸಂಗೀತಗಾರರ ಗಮನಾರ್ಹತೆಗೆಂದೇ ಅಲ್ಲೊಂದು ಮಾರ್ಗಸೂಚಿ ಇದೆ, ಅದರಲ್ಲಿ ಹತ್ತು ಹನ್ನೆರಡು ಮಾನದಂಡಗಳಿವೆ: ರಾಷ್ಟ್ರೀಯ ಜನಪ್ರಿಯತಾ ಪಟ್ಟಿಯಲ್ಲಿ ಹಾಡು ಬಂದಿರುವುದು, ದೊಡ್ಡ ಧ್ವನಿಮುದ್ರಣ ಸಂಸ್ಥೆಯಿಂದ ಎರಡಾದರೂ ಆಲ್ಬಂ, ಪ್ರಮುಖ ಪ್ರಶಸ್ತಿ ಅಥವಾ ಅದಕ್ಕೆ ನಾಮನಿರ್ದೇಶನ, ಹೀಗೆ. ಒಂದಿದ್ದರೂ ಪುಟ ನಿಲ್ಲುವ ಸಂಭವ ಉಂಟು. ನೀವು ಹೇಳಿದ ಹುಡುಗ ಬಹುಶಃ ಪಟ್ಟಿಯ ದಾರಿಯಲ್ಲಿ ಒಳಬಂದಿದ್ದಾನೆ. ಅವನ ಪುಟ ಇದೆ ಎಂಬುದು ನಿಮ್ಮ ಪುಟಕ್ಕೆ ವಾದವಾಗುವುದಿಲ್ಲ. ನಾಳೆ ಅವನದನ್ನೂ ಹಾಡಿನ ಪುಟಕ್ಕೆ ಸೇರಿಸಿಬಿಡಬಹುದು. ಆದರೆ ಅದೇ ಮಾರ್ಗಸೂಚಿಯ ಕೆಳಗಡೆ, ಸಮೂಹ ಮಾಧ್ಯಮದ ಹೊರಗಿರುವ ಸಂಗೀತಗಾರರಿಗೆಂದು ಬೇರೆಯೇ ಕೆಲವು ಸಾಲುಗಳಿವೆ. ಶೈಲಿ, ತಂತ್ರ, ಕೃತಿಸಂಗ್ರಹ ಅಥವಾ ಬೋಧನೆಯಲ್ಲಿ ಪ್ರಭಾವ ಬೀರಿದವರೆಂದು ನಂಬಲರ್ಹ ಆಧಾರಗಳು ಹೇಳಿದರೆ ಸಾಕು. ಒಂದು ಪರಂಪರೆಯನ್ನೋ ಶಾಲೆಯನ್ನೋ ಕಟ್ಟಿದವರೆಂದರೂ ಸಾಕು. ಬೋಧನೆ! ನಿಮ್ಮ ಗುರುಗಳಿಗೆಂದೇ ಬರೆದಂತಿದೆ. ಏಳು ದಿನದಲ್ಲಿ ನಿಮ್ಮ 11 ಜನರಲ್ಲಿ ಒಬ್ಬರೂ ಆ ಸಾಲಿನ ಮೇಲೆ ಬೆರಳಿಡಲಿಲ್ಲ.

ಗುರುಗಳ ಹಾಡುಗಳಿಗೆ ಜಾಲದಲ್ಲಿ ಬಂದ ವೀಕ್ಷಣೆಯ ಲೆಕ್ಕವನ್ನೂ ನಿಮ್ಮ ಪತ್ರದಲ್ಲಿ ಕೊಟ್ಟಿದ್ದೀರಿ. ಅದು ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. 2018ರಲ್ಲಿ ತ್ರೆಟಿನ್ ಎಂಬ ರಾಕ್ ಗಾಯಕ ಇಲ್ಲದ ಅಭಿಮಾನಿಗಳನ್ನು, ಇಲ್ಲದ ಸಂಸ್ಥೆಗಳನ್ನು ಜಾಲದಲ್ಲಿ ಸೃಷ್ಟಿಸಿ ಯುರೋಪ್ ಪ್ರವಾಸ ಹೊರಟ. ಟಿಕೆಟ್ ಖರ್ಚಾಗಿದೆ ಎಂದು ನಂಬಿದ ಸಭಾಂಗಣಗಳು ಬಾಗಿಲು ತೆರೆದು ನೋಡಿದರೆ ಕುರ್ಚಿಗಳಷ್ಟೇ. ಆ ವಂಚನೆಯನ್ನು ಪತ್ರಿಕೆಗಳು ಬರೆದವು, ಈಗ ಅವನಿಗೊಂದು ಪುಟವಿದೆ. ನಗು ಬರುತ್ತದೆ, ಆದರೆ ನಿಯಮ ಮುರಿದಿಲ್ಲ.

ತನ್ನ ಬೆನ್ನು ತಾನೇ ತಟ್ಟಿಕೊಳ್ಳುವ ಕಥೆಗೆ ಅಂತರ್ಜಾಲವೇನೂ ಬೇಕಿಲ್ಲ. 1740ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸಂಗೀತಗಾರ ಯೋಹಾನ್ ಮಾಟೆಸನ್ ಸಂಗೀತಗಾರರ ಚರಿತ್ರಕೋಶವೊಂದನ್ನು ಹೊರತಂದ. ನಿಮ್ಮ ಬಗ್ಗೆ ನೀವೇ ಬರೆದು ಕಳಿಸಿ ಎಂದು ಎಲ್ಲರನ್ನೂ ಕೇಳಿದ್ದ. ಇಂದು ಜಗತ್ತೇ ಕೊಂಡಾಡುವ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಕಳಿಸಲಿಲ್ಲ, ಆದ್ದರಿಂದ ಅದರಲ್ಲಿ ಬಾಖ್ ಇಲ್ಲ. ಮಾಟೆಸನ್ ಇದ್ದಾನೆ, ಧಾರಾಳವಾಗಿ. ಅದಕ್ಕೂ ಮುಂಚೆ 1732ರ ಇನ್ನೊಂದು ಕೋಶದಲ್ಲಿ ಬಾಖ್ ಸಿಗುತ್ತಾನೆ, ಆದರೆ ಅದರ ಸಂಪಾದಕ ವಾಲ್ಟರ್ ಅವನ ಬಂಧು. ಬಾಖ್ ತೀರಿಕೊಂಡದ್ದು 1750ರಲ್ಲಿ. ಸಂಬಂಧಿಯಲ್ಲದ ಫೋರ್ಕೆಲ್ ಅವನ ಜೀವನಚರಿತ್ರೆಯನ್ನು ಪುಸ್ತಕವಾಗಿ ಬರೆಯುವ ಹೊತ್ತಿಗೆ 1802.

ಬಿಗಿ ಯಾಕೆ ಬೇಕೆಂದರೆ 2009 ನೆನಪಿಸಿಕೊಳ್ಳಿ. ಸಿನಿಮಾ ಸಂಗೀತ ನಿರ್ದೇಶಕ ಮೊರೀಸ್ ಜಾರ್ ತೀರಿಕೊಂಡ ಸುದ್ದಿ ಬಂದೊಡನೆ ಡಬ್ಲಿನ್‌ನ ವಿದ್ಯಾರ್ಥಿಯೊಬ್ಬ ಅವರ ವಿಕಿಪೀಡಿಯ ಪುಟಕ್ಕೆ ತಾನೇ ಹೊಸೆದ ಮಾತೊಂದನ್ನು ಅವರು ಹೇಳಿದ್ದೆಂದು ಸೇರಿಸಿದ. ಉಲ್ಲೇಖವಿಲ್ಲವೆಂದು ಅಲ್ಲಿನ ಸಂಪಾದಕರು ಅದನ್ನು ಮತ್ತೆ ಮತ್ತೆ ಕಿತ್ತರು. ಅಷ್ಟರಲ್ಲಿ ಎತ್ತಿಕೊಂಡು ಶ್ರದ್ಧಾಂಜಲಿಯಲ್ಲಿ ಅಚ್ಚು ಹಾಕಿದವರು ಪತ್ರಿಕೆಯವರು. ಯಾರು ಕಾವಲು ಕಾದರು, ಯಾರು ನಿದ್ದೆ ಹೊಡೆದರು?

ನಿಮ್ಮ ಕಡೆಗೂ ನ್ಯಾಯವಿದೆ ಎಂದು ಒಪ್ಪಬೇಕು. ಬಾಯಿಂದ ಕಿವಿಗೆ ಹರಿದು ಬಂದ ಸಂಗೀತಕ್ಕೆ ಕಾಗದದ ಸಾಕ್ಷಿ ಕಡಿಮೆ. ಮೌಖಿಕ ಉಲ್ಲೇಖವನ್ನೂ ಆಧಾರವೆಂದು ಒಪ್ಪಬಹುದೇ ಎಂದು 2011ರಲ್ಲಿ ಭಾರತ, ದಕ್ಷಿಣ ಆಫ್ರಿಕಗಳಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ ಪ್ರಯೋಗ ನಡೆಯಿತು. ನಿಯಮ ಬದಲಾಗಲಿಲ್ಲ.

ಆದರೆ ನಿಮ್ಮ ಗುರುಗಳು ಪತ್ರಿಕೆಗಳಿಲ್ಲದ ಕಾಲದಲ್ಲಿ ಹಾಡಿದವರಲ್ಲ. 40 ವರ್ಷ ಪತ್ರಿಕೆಗಳಿದ್ದವು, ನಮ್ಮದೂ ಇತ್ತು. ನಾವೆಲ್ಲ ಏನು ಬರೆದೆವು? “ಸುಶ್ರಾವ್ಯವಾಗಿ ಹಾಡಿ ಶ್ರೋತೃಗಳನ್ನು ಮಂತ್ರಮುಗ್ಧಗೊಳಿಸಿದರು.” ಏನು ಹಾಡಿದರು? ಎಷ್ಟು ಹೊತ್ತು? ಎಲ್ಲರೂ ಹಿಡಿಯುವ ದಾರಿ ಬಿಟ್ಟು ಎಲ್ಲಿ ತಿರುಗಿದರು? ಯಾರಿಂದ ಕಲಿತದ್ದು, ಯಾರಿಗೆ ದಾಟಿಸಿದ್ದು? ಒಂದು ಸಾಲಿಲ್ಲ. ದೀಪ ಬೆಳಗಿಸಿದ ಗಣ್ಯರ ಹೆಸರು ಮಾತ್ರ ತಪ್ಪಿಲ್ಲ. ಎಲ್ಲರ ಪರಿಚಯದಲ್ಲೂ “ಎಲೆಮರೆಯ ಕಾಯಿ” ಎಂದು ಬರೆಯುತ್ತೇವೆ, ಎಲೆ ಸರಿಸುವವರು ಒಬ್ಬರಿಲ್ಲ. ಸಂಗೀತ ವಿಮರ್ಶೆಗೆಂದು ಇದ್ದ ಅಂಕಣಗಳಿಗೆ ಜಾಹೀರಾತು ಬಂದಿದೆ, ವಿಮರ್ಶಕರಿಗೆ ಬಸ್ ಚಾರ್ಜಿನಷ್ಟೂ ಸಂಭಾವನೆ ಇಲ್ಲ. ಸತ್ತ ಮೇಲೆ ಅರ್ಧ ಪುಟ ಕೊಡುತ್ತೇವೆ, ಅದೂ ಮನೆಯವರು ಬರೆದುಕೊಟ್ಟದ್ದು. ಆಮೇಲೆ ವಿಶ್ವಕೋಶದಲ್ಲಿ ಹೆಸರಿಲ್ಲ ಎಂದು ಗೋಳಾಡುತ್ತೇವೆ.

ಈಗ ಮಾಡಬೇಕಾದದ್ದು. ಅಳಿಸಿದವರ ಮೇಲೆ ಜಗಳಕ್ಕೆ ಹೋಗಬೇಡಿ. ಚರ್ಚೆ ಮುಗಿಸಿದ ನಿರ್ವಾಹಕರ ಹೆಸರು ಅಲ್ಲೇ ಇದೆ. ಲೇಖನವನ್ನು ಕರಡಾಗಿ ಹಿಂದಿರುಗಿಸಿ ಎಂದು ವಿನಯದಿಂದ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ನೀವು ಶಿಷ್ಯರೆಂಬುದನ್ನು ನಿಮ್ಮ ಬಳಕೆದಾರ ಪುಟದಲ್ಲಿ ಬರೆದುಬಿಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮುಂದಿನದೆಲ್ಲ ಅನುಮಾನದಲ್ಲೇ ನಡೆಯುತ್ತದೆ. “ನಾದಯೋಗಿ”, “ಸ್ವರಸಾಮ್ರಾಟ” ಎರಡನ್ನೂ ತೆಗೆಯಿರಿ. ಅವರ ಜಾಲತಾಣದಿಂದ ಎತ್ತಿದ ಎರಡು ಪ್ಯಾರಾ ಹಕ್ಕುಸ್ವಾಮ್ಯದ ಉಲ್ಲಂಘನೆ, ಅವೂ ಹೋಗಲಿ. ಫೋಟೊ ತೆಗೆದವರ ಅನುಮತಿ ಬೇಕು, ಫೋಟೊದಲ್ಲಿರುವವರದ್ದು ಸಾಲದು. ಆರು ತಿಂಗಳು ಯಾರೂ ಮುಟ್ಟದ ಕರಡನ್ನು ಅಳಿಸುತ್ತಾರೆ, ಹಾಗಾಗಿ ತಾರೀಖು ಗುರುತು ಹಾಕಿಕೊಳ್ಳಿ. ಹೊಸ ಆಧಾರ ಸಿಗುವವರೆಗೆ ಪರಿಶೀಲನೆಗೆ ಕಳಿಸಬೇಡಿ.

ನಿಮ್ಮ ಲೇಖನವನ್ನು ನಾವು ಪ್ರಕಟಿಸುತ್ತಿಲ್ಲ. ಚೆನ್ನಾಗಿಲ್ಲವೆಂದಲ್ಲ, ಬರೆದವರು ನೀವೆಂದು. ಶಿಷ್ಯರು ಬರೆದದ್ದು ಇಲ್ಲಿ ಅಚ್ಚಾದ ಮಾತ್ರಕ್ಕೆ ಸ್ವತಂತ್ರ ಆಧಾರವಾಗದು. ಗುರುಗಳ ಮುಂದಿನ ಕಛೇರಿ ಯಾವತ್ತು, ಎಲ್ಲಿ ಎಂದು ತಿಳಿಸಿ. ಅವರನ್ನು ಕಂಡರಿಯದ ವಿಮರ್ಶಕರೊಬ್ಬರನ್ನು ಕಳಿಸುತ್ತೇವೆ. ಅವರು ಏನು ಬರೆದರೂ ಅಚ್ಚಾಗುತ್ತದೆ, ನಿಮಗೆ ರುಚಿಸದಿದ್ದರೂ. ಪಾಸು ಕಳಿಸಬೇಡಿ, ಟಿಕೆಟ್ ನಾವೇ ಕೊಳ್ಳುತ್ತೇವೆ.